ಮಾದರಿಗೆ ತಂದ ಕಾರ್ಡು

ಅಂಗಡಿಯವನು ಗಾಜಿನ ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ ಆರು ಮೆಮೊರಿ ಕಾರ್ಡುಗಳನ್ನು ಸಾಲಾಗಿ ಇಟ್ಟ. ಒಂದೊಂದೂ ಅಂಚೆಚೀಟಿಯಷ್ಟು. ಯಾವುದು ಬೇಗ ಬರೆದುಕೊಳ್ಳುತ್ತದೆ, ಯಾವುದರಲ್ಲಿ ಎಷ್ಟು ಸಾವಿರ ಚಿತ್ರ ಹಿಡಿಸುತ್ತದೆ, ಈ ಕ್ಯಾಮೆರಾಕ್ಕೆ ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ಬೆರಳಿಟ್ಟು ಹೇಳುತ್ತಾ ಹೋದ. ಎದುರಿಗೆ ಕೂತವನು ತಲೆಯಾಡಿಸುತ್ತಿದ್ದ, ಒಂದು ಮಾತೂ ತಲೆಗೆ ಇಳಿಯುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ವಸಡಿನ ಹಾಗೆ ಅವನ ಒಳಗೆಲ್ಲ ಜೋಮು ಹಿಡಿದು ಐದು ತಿಂಗಳಾಗಿತ್ತು. ಊಟ ಮಾಡುತ್ತಿದ್ದ, ಕೆಲಸಕ್ಕೆ ಹೋಗುತ್ತಿದ್ದ, ಯಾರಾದರೂ ನಕ್ಕರೆ ತಾನೂ ನಗುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಹೊಸ ಕ್ಯಾಮೆರಾದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಡಾಕ್ಟರ ಹತ್ತಿರ ಮಗುವನ್ನು ಕರೆತಂದವಳ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದಳು. "ಸರಿಯಾಗಿ ಕೇಳಿಸ್ಕೋ," ಎಂದು ಮೊಣಕೈಯಿಂದ ತಿವಿದಳು. "ನಿನಗೆ ಗೊತ್ತಿರೋ ವಿಷಯ ಅಂತ ಉಡಾಫೆ ಮಾಡಬೇಡ."

ಕ್ಯಾಮೆರಾ ಅವನದಲ್ಲ, ಭಾವನದು. ಭಾವ ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದವರು; ನೆಲದ ಕೆಳಗೆ ಯಾವ ಕೊಳವೆ ಎಲ್ಲಿ ತಿರುಗುತ್ತದೆ ಎಂದು ಮೂವತ್ತು ವರ್ಷ ಗೆರೆ ಎಳೆದವರು. ನಿವೃತ್ತಿಯಾದ ಮೇಲೆ ರೇಂಜ್‌ಫೈಂಡರ್ ಕ್ಯಾಮೆರಾದ ಹುಚ್ಚು ಹಿಡಿಯಿತು. ದೂರವನ್ನು ಅಳೆದು ಫೋಕಸ್ ಮಾಡುವ ಕ್ಯಾಮೆರಾ ಅದು. ಕಣ್ಣಿಟ್ಟು ನೋಡಲು ಒಂದು ಕಿಟಕಿ, ಚಿತ್ರ ಒಳಗೆ ಹೋಗಲು ಇನ್ನೊಂದು ದಾರಿ. ಕೈಯಲ್ಲಿ ಎಣಿಸುವಷ್ಟು ಮಾತ್ರ ತಯಾರಾಗುವುದರಿಂದ ಹೆಸರು ಬರೆಸಿ ಒಂದೂವರೆ ವರ್ಷ ಕಾಯಬೇಕಾಗಿತ್ತು. ಅಲ್ಲಿಯ ತನಕ ಇರಲಿ ಎಂದು ಭಾವ ಒಂದು ಹಳೆಯ ಪುಟ್ಟ ಕ್ಯಾಮೆರಾ ಇಟ್ಟುಕೊಂಡು ಮನೆಯಲ್ಲಿ ಕಂಡದ್ದನ್ನೆಲ್ಲ ತೆಗೆಯುತ್ತಿದ್ದರು: ನಲ್ಲಿ, ಗೇಟಿನ ಚಿಲಕ, ಬಾಗಿಲ ಸಂದಿ. ಯಾರಿಗೂ ತೋರಿಸುತ್ತಿರಲಿಲ್ಲ. "ಕೈ ಪಳಗಲಿ, ಆಮೇಲೆ ತೋರಿಸ್ತೀನಿ," ಎನ್ನುತ್ತಿದ್ದರು. ಕೈ ಪಳಗುವ ಮೊದಲೇ ಪಿತ್ತಕೋಶದಲ್ಲಿ ಏನೋ ಇದೆ ಎಂದರು ಡಾಕ್ಟರು, ಹತ್ತು ವಾರದಲ್ಲಿ ಎಲ್ಲ ಮುಗಿಯಿತು. ಅವರು ಹೋಗಿ ಆರು ತಿಂಗಳಿಗೆ, ಸತ್ತವರ ಹೆಸರು ಹೊತ್ತು, ಆ ಕ್ಯಾಮೆರಾ ಮನೆ ಬಾಗಿಲಿಗೆ ಬಂತು. ಅಕ್ಕ ಫೋನ್ ಮಾಡಿ, "ಬಂದು ತಗೊಂಡು ಹೋಗು. ಮನೇಲಿ ಫೋಟೋ ತೆಗೆಯೋನು ಅಂದರೆ ನೀನೊಬ್ಬನೇ. ನಿಮ್ಮ ಭಾವ ಇದ್ದಿದ್ರೂ ಒಂದಲ್ಲ ಒಂದು ದಿನ ನಿನ್ನ ಕೈಗೇ ಕೊಡ್ತಿದ್ರು," ಎಂದಳು. ಬೇಡ ಅನ್ನಲು ಅವನಿಗೆ ಒಂದು ಕಾರಣ ಬೇಕಿತ್ತು. ಇದ್ದ ಒಂದೇ ಕಾರಣವನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಆಗಲಿ ಅಕ್ಕ, ಎಂದ.

ಮನೆಯಲ್ಲಿ ಫೋಟೋ ತೆಗೆಯುವವನು ಎಂಬುದೇನೋ ನಿಜ. ಆದರೆ ಇಪ್ಪತ್ತೆರಡು ವರ್ಷದಿಂದ ಅವನು ಒಂದು ಮುಖವನ್ನೂ ತೆಗೆದಿರಲಿಲ್ಲ. ವಿಮಾ ಕಂಪನಿಗೆ ಜಖಂ ಆದ ವಾಹನಗಳ ಫೋಟೋ ತೆಗೆಯುವುದು ಅವನ ಕೆಲಸ. ನಾಲ್ಕು ಮೂಲೆಯಿಂದ ನಾಲ್ಕು, ನಂಬರ್ ಪ್ಲೇಟು, ಓಡಿದ ಕಿಲೋಮೀಟರು, ಆಮೇಲೆ ತಗ್ಗು ಬಿದ್ದ ಜಾಗಕ್ಕೆ ಎಡಗೈಯಲ್ಲಿ ಅಳತೆಪಟ್ಟಿ ಹಿಡಿದು ಬಲಗೈಯಲ್ಲಿ ಒತ್ತುವುದು. ಆಫೀಸಿನಲ್ಲಿ ಅವನಿಗೆ ಜಖಂ ಎಂದೇ ಹೆಸರು. "ಜಖಂ ಬಂದ್ರಾ?" "ಜಖಂ ಊಟಕ್ಕೆ ಹೋಗಿದಾರೆ." ಮೊದಮೊದಲು ಚುಚ್ಚುತ್ತಿತ್ತು, ಆಮೇಲೆ ಅವನೇ ಫೋನಿನಲ್ಲಿ "ನಾನು ಜಖಂ ಮಾತಾಡ್ತಿರೋದು" ಎನ್ನತೊಡಗಿದ. ಒಮ್ಮೆ ಹೀಗಾಯಿತು: ಕಾರ್ಡಿನಲ್ಲಿ ಹಿಂದಿನ ದಿನದ ಬಸ್ಸಿನ ಚಿತ್ರವೊಂದು ಉಳಿದುಹೋಗಿ ಒಂದು ಸ್ಕೂಟರಿನ ಕಡತಕ್ಕೆ ಸೇರಿತು. ಮ್ಯಾನೇಜರ್ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಎಲ್ಲರೂ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಮೇಜಿನ ಮೇಲೆ ಇಟ್ಟರು. "ನಿಮ್ಮ ಸ್ಕೂಟರಿಗೆ ಆರು ಚಕ್ರ ಇದೆಯಲ್ರೀ, ಮೆಟ್ಟಿಲೂ ಇದೆ." ಎಲ್ಲರೂ ನಕ್ಕರು. ಅವನೂ ನಕ್ಕ, ನಗುತ್ತಲೇ ಡಬ್ಬಿ ಮುಚ್ಚಿ ಹೊರಗೆ ಹೋದ. ಅಂದಿನಿಂದ ಕಂಪನಿಯಲ್ಲಿ ಒಂದು ಕಟ್ಟಳೆ ಬಂತು: ಒಂದು ಸ್ಥಳಕ್ಕೆ ಒಂದೇ ಕಾರ್ಡು, ಕೆಲಸ ಶುರು ಮಾಡುವ ಮುಂಚೆ ಅದನ್ನು ಫಾರ್ಮ್ಯಾಟ್ ಮಾಡಿ ಪೂರ್ತಿ ಖಾಲಿ ಮಾಡತಕ್ಕದ್ದು. ಕಟ್ಟಳೆ ಬರೆದವರು ಯಾರೋ, ಅದನ್ನು ಮೈಗೂಡಿಸಿಕೊಂಡವನು ಮಾತ್ರ ಅವನೊಬ್ಬನೇ. ಕಾರ್ಡು ಒಳಗೆ ಹೋಯಿತೋ, ಹೆಬ್ಬೆರಳು ತಾನಾಗಿ ಮೂರು ಸಲ ಒತ್ತುತ್ತಿತ್ತು. ಮನೆಗೆ ಬಂದು ಬಾಗಿಲು ಹಾಕಿಕೊಳ್ಳುವಾಗ ಅಗುಳಿ ಹಾಕಿದೆನೋ ಇಲ್ಲವೋ ಎಂದು ನೆನಪಿರುತ್ತದೆಯೇ, ಹಾಗೆ.

ಭಾವ ಹೋಗಿ ಇಪ್ಪತ್ತು ದಿನವೂ ಆಗಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಕ್ಕನ ಮನೆಗೆ ಹೋಗಿದ್ದ. ಅಕ್ಕ ಬಾಗಿಲಲ್ಲೇ ನಿಂತು, ಅವನ ಅಂಗಿಯ ಜೇಬಿಗೆ ತಾನೇ ಕೈ ಹಾಕಿ ಒಂದು ಕಾರ್ಡು ಇಳಿಬಿಟ್ಟಳು. "ಅವರ ಕ್ಯಾಮೆರಾದ್ದು. ಅವರು ತೆಗೆದಿದ್ದೆಲ್ಲ ಇದರಲ್ಲೇ ಇದೆ. ನಾನು ಒಂದೂ ನೋಡಿಲ್ಲ ಕಣೋ. ಎಲ್ಲಾನೂ ಪ್ರಿಂಟ್ ಹಾಕಿಸಿ ಕೊಡು, ಕೈಯಲ್ಲಿ ಹಿಡ್ಕೊಂಡು ನೋಡಬೇಕು." ಅದೇ ಜೇಬಿನಲ್ಲಿ ಅವನ ಆಫೀಸಿನ ಕಾರ್ಡೂ ಇತ್ತು. ಅಂದು ಒಂದು ಗೋದಾಮಿನ ತಗಡಿನ ಮಾಡು ಕುಸಿದು ಇಪ್ಪತ್ತಮೂರು ಕಾರುಗಳ ಮೇಲೆ ಬಿದ್ದಿತ್ತು. ನಷ್ಟದ ಅಂದಾಜು ಹಾಕಲು ಬಂದ ಕಂಪನಿಯ ಸರ್ವೇಯರು ಬಿಸಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಜೇಬಿಗೆ ಕೈ ಹಾಕಿದ, ಸಿಕ್ಕಿದ ಕಾರ್ಡು ತೂರಿಸಿದ, ಹೆಬ್ಬೆರಳು ಮೂರು ಸಲ ಒತ್ತಿತು. ಮೂರನೆಯ ಕಾರಿನ ಬಳಿ ಬೆವರು ಒರೆಸಲು ಕರವಸ್ತ್ರ ತೆಗೆದಾಗ ಜೇಬಿನಿಂದ ಆಫೀಸಿನ ಕಾರ್ಡು ಕೆಳಗೆ ಬಿತ್ತು. ಅದನ್ನೇ ನೋಡುತ್ತಾ ನಿಂತ. ಅವನಿಗೆ ವಿಷಯ ಗೊತ್ತಿತ್ತು: ಫಾರ್ಮ್ಯಾಟ್ ಮಾಡಿದರೂ ಚಿತ್ರಗಳು ಒಮ್ಮೆಲೇ ಹೋಗಿಬಿಡುವುದಿಲ್ಲ, ಅವುಗಳ ಮೇಲೆ ಹೊಸದು ಬರೆಯುತ್ತಾ ಹೋದರೆ ಮಾತ್ರ ಹೋಗುತ್ತವೆ. ಅಲ್ಲಿಗೇ ನಿಲ್ಲಿಸಿ ಕಾರ್ಡು ಬದಲಾಯಿಸಿದ್ದರೆ ಬಹುಪಾಲು ಉಳಿಯುತ್ತಿತ್ತು. ಆದರೆ ಒಂದು ಸ್ಥಳಕ್ಕೆ ಎರಡು ಕಾರ್ಡು ಯಾಕೆ ಎಂದು ಬರೆದುಕೊಡಬೇಕಾಗುತ್ತಿತ್ತು. ಯಾರ ಕಾರ್ಡು, ಯಾಕೆ ಹಾಕಿದಿರಿ, ನೋಡಿಕೊಳ್ಳಬಾರದಾ ಎಂದು ಕೇಳುತ್ತಿದ್ದರು. ಮತ್ತೆ ಊಟದ ಹೊತ್ತು, ಮತ್ತೆ ಆ ನಗು. ಸರ್ವೇಯರು, "ಏನ್ರೀ ಜಖಂ, ನಿದ್ದೆ ಬಂತಾ?" ಎಂದರು. ಅವನು ಬಗ್ಗಿ ಕಾರ್ಡು ಎತ್ತಿ ಜೇಬಿಗೆ ಹಾಕಿಕೊಂಡು ನಾಲ್ಕನೆಯ ಕಾರಿಗೆ ಹೋದ. ಭಾವನ ಕಾರ್ಡು ಚಿಕ್ಕದು, ಸಂಜೆಯ ಹೊತ್ತಿಗೆ ತುಂಬಿಹೋಯಿತು. ಹೆಬ್ಬೆರಳು ಮಾಡಿದ್ದನ್ನು ಹೆಬ್ಬೆರಳಿನ ತಲೆಗೇ ಕಟ್ಟಬಹುದಿತ್ತು. ಉಳಿದ ಇಪ್ಪತ್ತು ಕಾರುಗಳನ್ನು ಮಾತ್ರ ಅವನು ಕಣ್ಣು ತೆರೆದುಕೊಂಡೇ ತೆಗೆದಿದ್ದ.

ಎರಡು ದಿನ ಬಿಟ್ಟು ಅದನ್ನು ಮತ್ತೊಮ್ಮೆ ಖಾಲಿ ಮಾಡಿ ವಾಪಸು ಕೊಟ್ಟು, "ಓದ್ತಾ ಇಲ್ಲ ಅಕ್ಕ, ಕಾರ್ಡು ಕೆಟ್ಟುಹೋಗಿದೆ," ಎಂದ. ಬೈಯಲಿ, ಅಳಲಿ, ಬೇರೆ ಕಡೆ ತೋರಿಸು ಎನ್ನಲಿ ಎಂದು ಕಾದ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ, "ನಾನೇ ಹಾಳು ಮಾಡಿದ್ದು," ಎಂದಳು. "ಅವರ ಅಂಗಿ ಜೇಬಲ್ಲಿತ್ತು ಕಣೋ. ನೋಡದೆ ಒಗೆದುಬಿಟ್ಟೆ. ಒಣಹಾಕುವಾಗ ಕೈಗೆ ಸಿಕ್ತು. ಒರೆಸಿ ಇಟ್ಟಿದ್ದೆ, ಏನೂ ಆಗಿರಲ್ಲ ಅಂದ್ಕೊಂಡೆ." ಅಲ್ಲ ಅಕ್ಕ ಎನ್ನಲು ಅವನು ಬಾಯಿ ತೆರೆದ. ಬಾಯಿಂದ ಬಂದದ್ದು "ಹೋಗಲಿ ಬಿಡು, ಬೇಕು ಅಂತ ಮಾಡಿದ್ದಲ್ಲವಲ್ಲ" ಎಂಬ ಮಾತು. ಕ್ಷಮಿಸುವವನ ಮಾತು ಅದು. ಅದನ್ನು ಆಡಿದವನು ತಾನೇ ಎಂದು ಅವನಿಗೆ ತಿಳಿಯುವಷ್ಟರಲ್ಲಿ ಅಕ್ಕ ಅವನ ಮೊಣಕೈ ಹಿಡಿದುಕೊಂಡು, "ನೀನಾದ್ರೂ ಬೈಲಿಲ್ಲವಲ್ಲ," ಎಂದಿದ್ದಳು. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು ಅನ್ನುತ್ತಾರೆ. ಐದು ತಿಂಗಳು ಬಾಯಲ್ಲೇ ಇಟ್ಟುಕೊಂಡರೆ ಬಾಯಿಗೆ ರುಚಿಯೇ ತಿಳಿಯದಂತಾಗುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

"ಸಾರ್, ಇದು ತಗೊಳ್ಳಿ," ಅಂಗಡಿಯವನು ನಾಲ್ಕನೆಯ ಕಾರ್ಡನ್ನು ಮುಂದೆ ತಳ್ಳಿದ. "ಬಿದ್ದರೂ ಏನಾಗಲ್ಲ, ನೀರಲ್ಲಿ ನೆನೆದರೂ ಏನಾಗಲ್ಲ." ಅಕ್ಕ ತಟ್ಟನೆ ಮುಂದಕ್ಕೆ ಬಾಗಿದಳು. "ಸೋಪಿನ ನೀರಲ್ಲಿ?" ಅಂಗಡಿಯವನು ನಕ್ಕ. "ಸೋಪಿನ ನೀರಲ್ಲಿ ಯಾಕಮ್ಮ ಹಾಕ್ತೀರಿ?" "ಹಾಕಲ್ಲ. ಬಿದ್ದರೆ ಅಂತ." ಅವನು ಗೋಡೆಯ ಮೇಲೆ ತೂಗುಹಾಕಿದ್ದ ಪಟ್ಟಿಗಳ ಕಡೆ ಕಣ್ಣು ಹಾಯಿಸಿದ; ಕತ್ತಿಗೆ ಹಾಕಿಕೊಳ್ಳುವವು, ಮಣಿಕಟ್ಟಿಗೆ ಸುತ್ತುವವು, ಕಂದು ಚರ್ಮದವು. ಕ್ಯಾಮೆರಾದ ಚೌಕು ಮೈಗೆ ಹೊಂದುವ ತೆಳು ಪಟ್ಟಿ, ಲೆನ್ಸಿಗೆ ಒಂದು ಗಾಜು, ಇನ್ನೊಂದು ಬ್ಯಾಟರಿ, ಒಂದು ಚೀಲ. ಇಷ್ಟು ತೆಗೆದುಕೊಂಡು ಎದ್ದರಾಯಿತು ಎಂದು ಲೆಕ್ಕ ಹಾಕುತ್ತಿದ್ದ. ಅಷ್ಟರಲ್ಲಿ ಅಕ್ಕ ಕೈಚೀಲದಿಂದ ಮಾತ್ರೆಯ ಒಂದು ಪುಟ್ಟ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಹತ್ತಿಯ ಮೇಲೆ ಮಲಗಿಸಿದ್ದ ಒಂದು ಕಾರ್ಡನ್ನು ಎತ್ತಿ ಕಪ್ಪು ಬಟ್ಟೆಯ ಮೇಲಿಟ್ಟಳು. ಮನೆಯ ನಲ್ಲಿ ಸೋರಿದರೆ ಸವೆದ ವಾಷರನ್ನು ಅಂಗಡಿಗೆ ಒಯ್ಯುತ್ತೇವಲ್ಲ, ಅಷ್ಟೇ ಸಹಜವಾಗಿ. "ಇದು ಕೆಟ್ಟುಹೋಗಿರೋದು. ಮಾದರಿಗೆ ತಂದೆ. ಈ ಕಂಪನೀದು ಮಾತ್ರ ಬೇಡ, ಇದನ್ನ ಬಿಟ್ಟು ಬೇರೆ ಯಾವುದಾದ್ರೂ ಕೊಡಿ."

ಬಿಸಾಕು ಎಂದು ಹೇಳಿದ್ದೆನಲ್ಲ ಎನ್ನಬೇಕೆನಿಸಿತು. ಬಿಸಾಕುವವಳಾಗಿದ್ದರೆ ಅವಳು ಅಕ್ಕ ಹೇಗಾದಾಳು? ಅಂಗಡಿಯವನು ಕಾರ್ಡನ್ನು ತಿರುಗಿಸಿ ನೋಡಿ, "ಒಳ್ಳೆ ಕಂಪನಿ ಅಲ್ವಾ ಇದು?" ಎನ್ನುತ್ತಾ ಕಂಪ್ಯೂಟರಿನ ಪಕ್ಕದ ಸೀಳಿಗೆ ತೂರಿಸಿದ. "ಬೇಡ ಬಿಡಿ," ಎಂದ ಅವನು, ಅಗತ್ಯಕ್ಕಿಂತ ಜೋರಾಗಿ. "ನಾನು ಆಗಲೇ ನೋಡಿದೀನಿ, ಓದಲ್ಲ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಇಲ್ಲಿ ಇನ್ನೂ ಯಾರೂ ಕಳ್ಳ ಎಂದಿರಲೂ ಇಲ್ಲ. ತೆರೆಯ ಮೇಲೆ ಒಂದು ಬಿಳಿ ಚೌಕ ಮೂಡಿತು. "ಓದ್ತಿದೆಯಲ್ಲ ಸಾರ್," ಎಂದ ಅಂಗಡಿಯವನು. "ಏನೂ ಆಗಿಲ್ಲಮ್ಮ, ಗಟ್ಟಿಮುಟ್ಟಾಗಿದೆ. ಖಾಲಿ ಇದೆ ಅಷ್ಟೇ." ಅಕ್ಕ ಅರ್ಥವಾಗದೆ ಅವನನ್ನು ನೋಡಿದಳು, ಆಮೇಲೆ ಅಂಗಡಿಯವನನ್ನು. "ಒಗೆದಿದ್ದೆ ಅದನ್ನ." "ಒಗೆದರೆ ಏನಾಗುತ್ತಮ್ಮ? ನನ್ನ ಹೆಂಡತಿ ಎರಡು ಸಲ ಒಗೆದಿದಾಳೆ, ಒಣಗಿದ ಮೇಲೆ ಮಾಮೂಲಿ. ಒಗೆದಿದ್ದಕ್ಕೆ ಖಾಲಿ ಆಗಲ್ಲ. ಇದನ್ನ ಯಾರೋ ಫಾರ್ಮ್ಯಾಟ್ ಮಾಡಿದಾರೆ. ಅಂದ್ರೆ ಅಳಿಸಿದಾರೆ." "ಯಾರು?" "ಅದು ನನಗೆ ಹೇಗೆ ಗೊತ್ತಾಗ್ಬೇಕು? ಕೊನೇಲಿ ಯಾರ ಕೈಲಿತ್ತೋ ಅವರು." ಅಂಗಡಿಯೊಳಗೆ ಫ್ಯಾನು ತಿರುಗುತ್ತಿತ್ತು. ಬಾಗಿಲಾಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಈಗ ಹೇಳಬೇಕು ಎಂದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಕಾಲಿಗೆ ಜೋಮು ಹಿಡಿದಾಗ ಕಾಲಿದೆ ಎಂದು ತಿಳಿಯುತ್ತದಲ್ಲ, ಹಾಗೆ. "ಆ ಕಂದು ಪಟ್ಟಿ ಒಂದು ಸಲ ತೋರಿಸಿ," ಎಂದ.

ಅಂಗಡಿಯವನು ಪಟ್ಟಿ ತೆಗೆದುಕೊಟ್ಟು, ಕೂರಲು ಹೋದವನು ಅರ್ಧದಲ್ಲಿ ನಿಂತ. "ಅಮ್ಮ, ಇದರಲ್ಲಿ ಬೇಕಾದ್ದೇನಾದ್ರೂ ಇತ್ತಾ? ಅಳಿಸಿದ್ರೂ ಒಳಗೆ ಉಳಿದಿರುತ್ತೆ. ನನ್ನ ಹತ್ತಿರ ತೆಗೆಯೋದು ಇದೆ, ಹತ್ತೇ ನಿಮಿಷ." ಅಕ್ಕ ಕುರ್ಚಿಯನ್ನು ಎಳೆದುಕೊಂಡು ಮೇಜಿನ ಒಳಬದಿಗೇ ಹೋಗಿ ಕೂತುಬಿಟ್ಟಳು. ಅವನು ಹೊರಬದಿಯಲ್ಲಿ ಕಂದು ಪಟ್ಟಿಯನ್ನು ಕೈಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡು ನಿಂತ. ತೆರೆಯ ಮೇಲೆ ಹಸಿರು ಗೆರೆ ತೆವಳುತ್ತಿತ್ತು. ಹತ್ತು ನಿಮಿಷದಲ್ಲಿ ಏನು ಬರಲಿದೆ ಎಂದು ಅವನಿಗೆ ಗೊತ್ತಿತ್ತು; ಇಪ್ಪತ್ತಮೂರು ಕಾರುಗಳು. ಭಾವನದು ಒಂದೂ ಬಾರದು. ಕಾರುಗಳೇ ಬಂದವು. ಮೊದಲು ಒಂದು ನೀಲಿ ಬಾನೆಟ್ಟು, ನಡುವೆ ಬೋಗುಣಿಯಷ್ಟು ತಗ್ಗು. ಆಮೇಲೆ ಚೂರಾದ ಗಾಜು. ಆಮೇಲೆ ತಗಡಿನ ಅಂಚು ಗೀರಿದ ಒಂದು ಬಾಗಿಲು, ಬಣ್ಣ ಎದ್ದು ಸುರುಳಿ ಸುತ್ತಿಕೊಂಡಿದೆ. "ಬಂತಲ್ಲ ಅಮ್ಮ!" ಎಂದ ಅಂಗಡಿಯವನು, ತಾನೇ ಹೆತ್ತವನ ಹಾಗೆ. ಅಕ್ಕ ಕನ್ನಡಕ ಹಾಕಿಕೊಂಡಳು. ಇವು ಯಾವ ಕಾರುಗಳು, ಯಾರವು ಎಂದು ಅವಳು ಕೇಳುತ್ತಾಳೆ, ಆಗ ತಾನಾಗಿ ಎಲ್ಲ ಬಯಲಾಗುತ್ತದೆ, ತಾನು ಬಾಯಿ ಬಿಡುವ ಅಗತ್ಯವೇ ಇಲ್ಲ ಎಂದು ಅವನು ಕಾದ. ಆ ಯೋಚನೆಯಲ್ಲಿ ಒಂದು ಬಗೆಯ ನೆಮ್ಮದಿಯೂ ಇತ್ತು. ಅಕ್ಕ ಬಹಳ ಹೊತ್ತು ನೋಡಿ, "ಹುಷಾರಿಲ್ಲದ ಮೈಯಲ್ಲಿ ಇಷ್ಟು ದೂರ ಯಾವಾಗ ಹೋಗಿದ್ರೋ," ಎಂದಳು.

ಅವನಿಗೆ ಮೊದಲು ತಿಳಿಯಲಿಲ್ಲ. "ವಾಕಿಂಗ್ ಅಂತ ಹೋದವರು ಒಂದೊಂದು ದಿನ ಎರಡು ಗಂಟೆ ಬರ್ತಿರಲಿಲ್ಲ," ಅಕ್ಕ ಅಂಗಡಿಯವನಿಗೆ ಹೇಳುತ್ತಿದ್ದಳು. "ನಲ್ಲಿ ತೆಗೆಯೋದು, ಚಿಲಕ ತೆಗೆಯೋದು, ಇಂಥದ್ದೇ ಹುಚ್ಚು ಅವರಿಗೆ. ನೋಡಿ, ಎಷ್ಟು ಹತ್ತಿರದಿಂದ ತೆಗೆದಿದಾರೆ. ಪೂರ್ತಿ ಕಾರು ತೆಗೆದ್ರೂ ಕಣ್ಣೆಲ್ಲ ಮುರಿದಿರೋದರ ಮೇಲೇ." ಅಂಗಡಿಯವನು ತಲೆದೂಗಿ, "ಕಲಾವಿದರು ಅನ್ಸುತ್ತೆ," ಎಂದ. ಇಪ್ಪತ್ತೆರಡು ವರ್ಷದಲ್ಲಿ ಅವನ ಚಿತ್ರಗಳಿಗೆ ಸಿಕ್ಕ ಮೊದಲ ಹೊಗಳಿಕೆ ಅದು. ಅಕ್ಕ ಒಂದೊಂದನ್ನೇ ನೋಡುತ್ತಾ ಹೋದಳು, ಅವಸರವಿಲ್ಲ. ಕೈ ಮಾಡಿದಾಗ ಮಾತ್ರ ಅಂಗಡಿಯವನು ಮುಂದಿನದಕ್ಕೆ ಹೋಗಬೇಕು. ಅವಳ ಮುಖ ಮೆಲ್ಲಗೆ ಸಡಿಲವಾಗುತ್ತಾ ಬಂದುದನ್ನು ಅವನು ಕಂಡ. ಐದು ತಿಂಗಳಲ್ಲಿ ಹೀಗೆ ಇದ್ದದ್ದನ್ನು ಕಂಡಿರಲಿಲ್ಲ. ಸುಮ್ಮನಿದ್ದರೆ ಆಯಿತಲ್ಲ ಎಂದುಕೊಂಡ. ಒಗೆದು ಹಾಳು ಮಾಡಿದೆ ಎಂಬ ಭಾರ ಅವಳ ತಲೆಯಿಂದ ಇಳಿಯಿತು, ಗಂಡ ತೆಗೆದದ್ದು ಎಂದು ನಂಬಲು ನೂರೈವತ್ತು ಚಿತ್ರ ಸಿಕ್ಕವು, ಯಾರಿಗೂ ನಷ್ಟವಿಲ್ಲ. ಅಳಿಸಿದವರು ಯಾರು ಎಂದು ಕೇಳಿದರೆ ಭಾವನೇ ಕೈತಪ್ಪಿ ಅಳಿಸಿರಬೇಕು ಎಂದರಾಯಿತು. ಸತ್ತವರು ಇಲ್ಲ ಎನ್ನಲು ಬರುವುದಿಲ್ಲ. ಯೋಚನೆ ಎಷ್ಟು ಸರಾಗವಾಗಿ ಬಂತೆಂದರೆ, ಅವನು ಕಂದು ಪಟ್ಟಿಯನ್ನು ನಿಜವಾಗಿಯೂ ನೋಡತೊಡಗಿದ, ಹೊಲಿಗೆ ಗಟ್ಟಿ ಇದೆಯೇ ಎಂದು ಎಳೆದ. "ಇದರಲ್ಲಿ ಯಾವುದನ್ನ ದೊಡ್ಡದು ಮಾಡಿಸಲಿ ಹೇಳೋ, ನಡುಮನೆಗೆ?" ಎಂದು ಅಕ್ಕ ಕರೆದಳು. "ಬಾ ಈ ಕಡೆ, ಅಲ್ಲೇನು ದನ ಕಟ್ಟೋ ಹಗ್ಗ ನೋಡೋ ಹಾಗೆ ನೋಡ್ತಿದೀಯ."

ಅವನು ಹೋಗಿ ಅವಳ ಹಿಂದೆ ನಿಂತ. ತೆರೆಯ ಮೇಲೆ ಒಂದು ಬೂದು ಬಾಗಿಲು, ತಗ್ಗಿನ ಮೇಲೆ ಅಡ್ಡಲಾಗಿ ಅಳತೆಪಟ್ಟಿ, ಪಟ್ಟಿಯನ್ನು ಹಿಡಿದ ಒಂದು ಕೈ. ಬೆರಳುಗಳು ತುಸು ಬಾಗಿವೆ, ಹಿಂಗೈಯ ನರ ಉಬ್ಬಿದೆ, ಬಿಸಿಲು ಚೆನ್ನಾಗಿ ಬಿದ್ದಿದೆ. "ಇದು," ಎಂದಳು ಅಕ್ಕ. ಧ್ವನಿ ಕೆಳಗಿಳಿದಿತ್ತು. "ಇದರಲ್ಲಿ ಅವರ ಕೈ ಬಂದಿದೆ ನೋಡು." ನಕ್ಷೆ ಬರೆಯುವವರಿಗೆ ಅಳತೆಪಟ್ಟಿ ಹಿಡಿಯುವುದು ಹೊಸದೇನಲ್ಲ, ಅವಳಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಅವಳು ಬೆರಳ ತುದಿಯಿಂದ ತೆರೆಯನ್ನು ಮುಟ್ಟಿದಳು. ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಮುಟ್ಟುತ್ತಾ ಬಂದು, ಮಣಿಕಟ್ಟಿನ ಹತ್ತಿರ ಅಂಗೈಯನ್ನು ಪೂರ್ತಿ ಒತ್ತಿ ಇಟ್ಟಳು. ಕೊನೆಯ ವಾರ ಆಸ್ಪತ್ರೆಯಲ್ಲಿ ಅವಳು ಭಾವನ ಕೈಯನ್ನು ಹೀಗೇ ಒತ್ತಿ ಹಿಡಿದುಕೊಂಡಿದ್ದಳು, ನರ್ಸು ಬಂದು ಸ್ವಲ್ಪ ಬಿಡಿ ಅಮ್ಮ, ಸೂಜಿ ಬದಲಾಯಿಸಬೇಕು ಎನ್ನುವ ತನಕ. ಚಿತ್ರದಲ್ಲಿದ್ದ ಆ ಎಡಗೈ ಮೇಜಿನ ಮೇಲೆ, ಅವಳ ಭುಜದಿಂದ ಒಂದು ಗೇಣು ದೂರದಲ್ಲಿ, ಕಂದು ಪಟ್ಟಿ ಸುತ್ತಿಕೊಂಡು ಬಿದ್ದಿತ್ತು. ಬೆಚ್ಚಗಿತ್ತು. ಅದರ ಮೇಲೆ ಯಾರ ಸ್ಪರ್ಶವೂ ಇರಲಿಲ್ಲ. ಆದರೂ ಹಿಂಗೈ ಮೇಲೆ ಏನೋ ಭಾರ ಕೂತ ಹಾಗಾಗಿ ಅವನಿಗೆ ಇದ್ದಕ್ಕಿದ್ದ ಹಾಗೆ ಅಸಹ್ಯವಾಯಿತು. ಹೆದರಿಕೆಯೂ ಆಯಿತು. ಭಾವನ ಚಿತ್ರಗಳನ್ನು ತಿಂದದ್ದಾಯಿತು, ಈಗ ಭಾವನ ಪಾಲಿನ ಪ್ರೀತಿಯನ್ನೂ ತಿನ್ನುತ್ತಿದ್ದೇನೆ ಎನಿಸಿತು.

"ಅಕ್ಕ, ಅದು ನನ್ನ ಕೈ."

ಅಕ್ಕ ತಿರುಗಲಿಲ್ಲ. ಅಂಗೈಯನ್ನು ತೆರೆಯಿಂದ ತೆಗೆಯಲೂ ಇಲ್ಲ. "ಆ ಕಾರುಗಳನ್ನ ನಾನು ತೆಗೆದದ್ದು. ಕೆಲಸಕ್ಕೆ. ನೀನು ಕಾರ್ಡು ಕೊಟ್ಟ ದಿನವೇ. ನೋಡದೆ ಹಾಕ್ಕೊಂಡೆ. ಅಳಿಸಿದ್ದು ನಾನು. ಗೊತ್ತಾದ ಮೇಲೂ ನಿಲ್ಲಿಸಲಿಲ್ಲ." ಇಷ್ಟನ್ನೂ ಅವನು ಅಪಘಾತದ ವರದಿ ಓದುವವನ ದನಿಯಲ್ಲಿ ಹೇಳಿದ, ಬೇರೆ ದನಿ ಬರಲಿಲ್ಲ. ಅಂಗಡಿಯವನು ಎದ್ದು ಹೋಗಿ, ಒರೆಸಿಯೇ ಇದ್ದ ಒಂದು ಗಾಜನ್ನು ಮತ್ತೆ ಒರೆಸತೊಡಗಿದ. ಅಕ್ಕ ಅವನ ಕೈಯನ್ನು ಎತ್ತಿ, ಪಟ್ಟಿ ಬಿಚ್ಚಿ, ತೆರೆಯ ಪಕ್ಕ ಹಿಡಿದು ನೋಡಿದಳು. ಅಳತೆ ತಾಳೆಯಾಯಿತು ಎಂಬಂತೆ ಮೇಜಿನ ಮೇಲೆ ವಾಪಸು ಇಟ್ಟಳು. "ಐದು ತಿಂಗಳಿಂದ ಅವರ ಒಂದು ಬಟ್ಟೇನೂ ಒಗೆದಿಲ್ಲ ನಾನು," ಎಂದಳು. "ಹಾಸಿಗೆ ಹೊದಿಕೆ ಕೂಡ ಇಲ್ಲ. ನೀರಿಗೆ ಕೈ ಹಾಕಿದರೆ ನಡುಗುತ್ತೆ ಗೊತ್ತಾ ನಿನಗೆ?" ಗೊತ್ತಿರಲಿಲ್ಲ ಎಂದರೆ ಅದೊಂದು ಸುಳ್ಳು ಸೇರುತ್ತಿತ್ತು. ಅವರ ಮನೆಯ ಬಟ್ಟೆ ಒಣಹಾಕುವ ತಂತಿ ಖಾಲಿಯಾಗಿರುವುದನ್ನು ಅವನು ನೋಡಿದ್ದ, ಏನೆಂದು ಯೋಚಿಸಿರಲಿಲ್ಲ. ಅಕ್ಕ ಅಂಗಡಿಯವನ ಕಡೆ ತಿರುಗಿ, ತರಕಾರಿ ಕೊಳ್ಳುವವಳ ಸಾಮಾನ್ಯ ದನಿಯಲ್ಲಿ ಹೇಳಿದಳು: "ಹೊಸ ಕಾರ್ಡು ಬೇಡ. ಇದೇ ಚೆನ್ನಾಗಿದೆ ಅಂದ್ರಲ್ಲ, ಇದನ್ನೇ ಇವನ ಕ್ಯಾಮೆರಾಕ್ಕೆ ಹಾಕಿಕೊಡಿ. ಪಟ್ಟಿನೂ ಕೊಡಿ. ಚೀಲ ಬೇಡ, ಮನೇಲಿ ಅವರದ್ದಿದೆ."

ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು. ಮಧ್ಯಾಹ್ನದ ಬಿಸಿಲು ಗೋಡೆಗಳ ಬುಡಕ್ಕೆ ಸರಿದಿತ್ತು. ಅವಳು ಮುಂದೆ, ಕ್ಯಾಮೆರಾ ಕತ್ತಿಗೆ ಹಾಕಿಕೊಂಡು ಅವನು ಎರಡು ಹೆಜ್ಜೆ ಹಿಂದೆ. ಕಪಾಳಕ್ಕೆ ಒಂದು ಕೊಟ್ಟಿದ್ದರೆ ಎಂದುಕೊಂಡ. ಚಿಕ್ಕವನಿದ್ದಾಗ ಅವಳ ಕೈ ಧಾರಾಳವಾಗಿತ್ತು. ಬಸ್ಸು ಬಂತು, ಅವಳು ಹತ್ತಲಿಲ್ಲ. ಬಸ್ಸು ಹೋದ ಮೇಲೆ, ರಸ್ತೆ ನೋಡುತ್ತಲೇ ಕೇಳಿದಳು: "ಅಳಿಸೋಕೆ ಮುಂಚೆ ಒಂದಾದ್ರೂ ನೋಡಿದೆಯಾ?"

ಐದು ತಿಂಗಳಲ್ಲಿ ತನ್ನನ್ನು ತಾನು ಏನೇನೋ ಕೇಳಿಕೊಂಡಿದ್ದ, ಇದೊಂದನ್ನು ಕೇಳಿಕೊಂಡಿರಲಿಲ್ಲ. ಆಫೀಸಿನ ಆ ಕ್ಯಾಮೆರಾ ಕಾರ್ಡು ಹಾಕಿದ ಕೂಡಲೇ ಅದರಲ್ಲಿರುವ ಕೊನೆಯ ಚಿತ್ರವನ್ನು ಒಂದು ಕ್ಷಣ ತೋರಿಸುತ್ತಿತ್ತು. ಅಂದೂ ತೋರಿಸಿರಬೇಕು. ತೋರಿಸಿತ್ತು. ಖಾಲಿ ಇಲ್ಲ, ಏನೋ ಉಳಿದಿದೆ ಎಂದು ಹೆಬ್ಬೆರಳಿಗೆ ತಿಳಿಯಲು ಬೇಕಾದಷ್ಟು ಮಾತ್ರ ನೋಡಿದ್ದ. ಭಾವ ತೆಗೆದ ಚಿತ್ರಗಳಲ್ಲಿ ಒಂದನ್ನು ಕಂಡ ಮನುಷ್ಯ ಈ ಲೋಕದಲ್ಲಿ ತಾನೊ‍ಬ್ಬನೇ ಎಂದು ಬಸ್ ನಿಲ್ದಾಣದ ಕಂಬ ಹಿಡಿದುಕೊಂಡಾಗ ಅವನಿಗೆ ಹೊಳೆಯಿತು. "ಒಂದು," ಎಂದ. "ಒಂದು ಕ್ಷಣ." "ಏನಿತ್ತು?" ಅವನು ಕಣ್ಣು ಮುಚ್ಚಿದ. ಸರ್ವೇಯರ ಗಡಿಯಾರ ಕಂಡಿತು, ಕುಸಿದ ತಗಡು ಕಂಡಿತು, ಅಂಗೈಯಗಲದ ತೆರೆ ಬಿಸಿಲಿಗೆ ಹೊಳೆದದ್ದು ಕಂಡಿತು. "ಬಿಳಿ ಏನೋ ಇತ್ತು." "ಬಿಳಿ ಅಂದರೆ?" "ಗೊತ್ತಿಲ್ಲ ಅಕ್ಕ. ಸರಿಯಾಗಿ ನೋಡಲಿಲ್ಲ." "ಬಟ್ಟೆನಾ? ಗೋಡೆನಾ? ನಾನಾ?" "ಗೊತ್ತಿಲ್ಲ." ಅಕ್ಕ ಅವನ ಮುಖವನ್ನು, ಸುಳ್ಳು ಎಲ್ಲಿ ಅಡಗಿದೆ ಎಂದು ಹುಡುಕುವವಳ ಹಾಗೆ ನೋಡಿದಳು. ಈ ಸಲ ಇರಲಿಲ್ಲ. "ಮನೆಗೆ ಬಾ," ಎಂದಳು.

ಮನೆಯಲ್ಲಿ ಅವನನ್ನು ನಡುಮನೆಯ ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಒಳಗೆ ಹೋದಳು. ದಿಂಬಿನ ಚೀಲ ತಂದು ಅವನ ಮುಂದೆ ಹಿಡಿದಳು. "ಇದಾ?" ಅವನು ನೋಡಿದ. ಅಂಚಿನಲ್ಲಿ ಎಣ್ಣೆಯ ಕಲೆ, ಒಂದು ಗುಂಡಿ ಇಲ್ಲ. "ಅಲ್ಲ." ಕಿಟಕಿಯ ಪರದೆಯನ್ನು ಎಳೆದು ತೋರಿಸಿದಳು; ಅಲ್ಲ. ಪಿಂಗಾಣಿಯ ಬಟ್ಟಲು, ಅಲ್ಲ. ಸುಣ್ಣ ಎದ್ದ ಗೋಡೆಯ ಮೂಲೆ, ಭಾವ ನಕ್ಷೆ ಬರೆಯುತ್ತಿದ್ದ ದಪ್ಪ ಹಾಳೆ, ಬಚ್ಚಲಿನ ತೊಟ್ಟಿ. ಪ್ರತಿಯೊಂದನ್ನೂ ತೋರಿಸಿ ಅವಳು ನಿಲ್ಲುತ್ತಿದ್ದಳು, ಅವನಿಗೆ ಸಮಯ ಕೊಡುತ್ತಿದ್ದಳು. ಹೌದು ಎಂದುಬಿಟ್ಟರೆ ಸಾಕಿತ್ತು. ಯಾವುದೋ ಒಂದಕ್ಕೆ, ಬಟ್ಟಲಿಗಾದರೂ ಸೈ, ಹೌದು ಅಕ್ಕ, ಇದೇ, ಎಂದಿದ್ದರೆ ಅವಳು ಆ ಬಟ್ಟಲನ್ನು ಜೀವಮಾನವಿಡೀ ಇಟ್ಟುಕೊಳ್ಳುತ್ತಿದ್ದಳು. ಒಂದೊಂದನ್ನು ನೋಡುವಾಗಲೂ ಆ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ಕೊನೆಗೆ ಅವಳು ತನ್ನ ತಲೆಗೂದಲನ್ನು ಬಿಚ್ಚಿ, ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ನಿಂತಳು. ಇಷ್ಟು ಬೆಳ್ಳಗಾಗಿರುವುದನ್ನು ಅವನು ಗಮನಿಸಿರಲಿಲ್ಲ. ಎಷ್ಟು ತೆಳ್ಳಗಾಗಿದೆ, ನಡುವೆ ನೆತ್ತಿ ಕಾಣುತ್ತಿದೆ, ಬಾಚಿ ಎಷ್ಟು ದಿನವಾಗಿದೆಯೋ. "ಇದಾ?" ಎಂದಳು, ಬೆನ್ನು ತಿರುಗಿಸಿಕೊಂಡೇ.

ಅವನು ಬಹಳ ಹೊತ್ತು ನೋಡಿದ. ಕಣ್ಣು ತುಂಬಿ ಎದುರಿನದು ಕಲಸಿಹೋಯಿತು. ಒರೆಸಿಕೊಂಡು ಮತ್ತೆ ನೋಡಿದ. ಹೌದು ಎನ್ನಲು ಇದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ.

"ಗೊತ್ತಾಗ್ತಿಲ್ಲ ಅಕ್ಕ," ಎಂದ.

ಅಕ್ಕ ಕೂದಲನ್ನು ಸುತ್ತಿ ಗಂಟು ಹಾಕಿಕೊಂಡಳು. "ಅವರು ಬೆಳಿಗ್ಗೆ ಹೊತ್ತೇ ಜಾಸ್ತಿ ತೆಗೀತಿದ್ರು," ಎಂದಳು. "ಈಗಿನ ಬೆಳಕೇ ಬೇರೆ. ನಾಳೆ ಏಳು ಗಂಟೆಗೆ ಬಾ."

ಬರುತ್ತೇನೆ ಎಂದ. ನಾಡಿದ್ದೂ ಎಂದಳು ಅವಳು.